ಹನ್ನೊಂದು ನಿಮಿಷ ನಲವತ್ತು ಸೆಕೆಂಡು

ಅಕಿನ್‌ಲಬಿ ಮೇಷ್ಟ್ರನ್ನು ಎದುರಿಗೆ ಎಲ್ಲರೂ ಸರ್ ಎನ್ನುತ್ತಿದ್ದೆವು. ಬೆನ್ನು ತಿರುಗಿಸಿದ ಮೇಲೆ ಉಲ್ಟಾ ಮೇಷ್ಟ್ರು. ಹೆಸರು ಸುಮ್ಮನೆ ಬಂದದ್ದಲ್ಲ. ಇಬಾದಾನ್‌ಗೆ ಹೋಗಿ ಹದಿನೈದು ದಿನ ತರಬೇತಿ ಮುಗಿಸಿ ಬಂದವರೇ ಪಾಠದ ಕ್ರಮವನ್ನು ತಲೆಕೆಳಗು ಮಾಡಿಬಿಟ್ಟರು. ಇನ್ನು ಮೇಲೆ ರಸಾಯನಶಾಸ್ತ್ರದ ಪಾಠವನ್ನು ಅವರು ಮನೆಯಲ್ಲಿ ಫೋನಿನಲ್ಲಿ ವಿಡಿಯೊ ಮಾಡಿ ಕಳಿಸುವುದು, ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಅದನ್ನು ನೋಡಿಕೊಂಡು ಬರುವುದು, ತರಗತಿಯಲ್ಲಿ ಬರೀ ಲೆಕ್ಕ, ಅಭ್ಯಾಸ, ಗುಂಪು ಚರ್ಚೆ. ಅಂದರೆ ಪಾಠ ಮನೆಯಲ್ಲಿ, ಮನೆಗೆಲಸ ಶಾಲೆಯಲ್ಲಿ. “ಅರ್ಥ ಆಗದಿದ್ರೆ ನಿಲ್ಲಿಸಿ, ಹಿಂದಕ್ಕೆ ಎಳೆದು ಮತ್ತೆ ನೋಡಿ. ಎಷ್ಟು ಸಲ ಬೇಕಾದ್ರೂ ನೋಡಿ. ಇದರ ದೊಡ್ಡ ಗುಣಾನೇ ಅದು” ಎಂದು ಪೋಷಕರ ಸಭೆಯಲ್ಲಿ ಹೇಳಿದರು. ಮಕ್ಕಳು ಬೇರೆ ಏನನ್ನು ಮರೆತರೂ ಆ ಮಾತನ್ನು ಮರೆಯಲಿಲ್ಲ.

ನಾನು ನೇಕಾರ. ನಮ್ಮ ಇಸೇಯಿನ್‌ನಲ್ಲಿ ಓಣಿಗೆ ಹತ್ತು ಮಗ್ಗ. ನನ್ನ ಮನೆಗೂ ಮೇಷ್ಟ್ರ ಮನೆಗೂ ಹಿತ್ತಿಲು ಒಂದೇ. ನನ್ನ ಮಗಳು ಸೆಕಿನಾತ್ ಮತ್ತು ಅವರ ಮಗಳು ಅರಿನೋಲಾ ಒಂದೇ ತರಗತಿ, ಒಂದೇ ಬೆಂಚು. ಇಬ್ಬರಿಗೂ ಹದಿನೈದು. ಪಾಠ ಮಾಡುವವರು ಅರಿನೋಲಾಳ ಅಪ್ಪನೇ, ಆದರೆ ಶಾಲೆಯ ಗೇಟು ದಾಟಿದ ಮೇಲೆ ಅವಳೂ ಸರ್ ಎನ್ನಬೇಕು. ಮರೆತು ಅಪ್ಪ ಎಂದರೆ ಮಂಡಿಯೂರಿ ನಿಲ್ಲಿಸುತ್ತಿದ್ದರು.

ವಿಡಿಯೊ ಶುರುವಾದ ಮೇಲೆ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುವ ಹಾಗಿರಲಿಲ್ಲ. ಗೆಣಸು ಕುಟ್ಟುವಂತಿಲ್ಲ, ನೀರು ಸುರಿಯುವಂತಿಲ್ಲ. ಮೇಷ್ಟ್ರ ಹೆಂಡತಿ ಬೊಸೆದೆ ಬೆಳಗ್ಗೆ ರಸ್ತೆ ಬದಿ ಅಕರಾ ವಡೆ ಕರಿದು ಮಾರುವವಳು. ಕಾಳಿನ ಹಿಟ್ಟು ಬಡಿಯುವ ಅವಳ ಕೆಲಸವೂ ಗಂಡನ ಪಾಠದ ಹೊತ್ತು ನೋಡಿಕೊಂಡು ನಡೆಯಬೇಕು. ಮೇಷ್ಟ್ರ ತಾಯಿ ಬೇರುನಾರಿನ ಕಷಾಯ ಕಾಯಿಸಿ ಸೀಸೆಗೆ ತುಂಬಿ ಮಾರುವ ಮುದುಕಿ. ಆಕೆ ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಕೊನೆಗೆ ಮೇಷ್ಟ್ರು ನನ್ನ ಮಗ್ಗಕ್ಕೂ ಬಂದರು.

“ಲಾಸಿಸಿ, ಒಂದು ಗಂಟೆ ಮಗ್ಗ ನಿಲ್ಲಿಸು. ಮಕ್ಕಳ ವಿದ್ಯೆ ಪ್ರಶ್ನೆ.”

“ನಿಲ್ಲಿಸ್ತೀನಿ ಸರ್. ನನ್ನ ಹೊಟ್ಟೆ ಪ್ರಶ್ನೆನೂ ಯಾವುದಾದ್ರೂ ವಿಡಿಯೊದಲ್ಲಿ ಹಾಕಿ” ಎಂದೆ. ನಗಲಿಲ್ಲ. ನಗುವ ಜಾತಿಯ ಮನುಷ್ಯ ಅಲ್ಲ.

ಮಕ್ಕಳು ನಿಜವಾಗಿ ನೋಡಿದ್ದಾರೋ ಇಲ್ಲವೋ ಎಂದು ಪತ್ತೆ ಹಚ್ಚಲು ಮೇಷ್ಟ್ರು ಒಂದು ನಿಯಮ ಮಾಡಿದ್ದರು. ವಿಡಿಯೊ ನೋಡುವಾಗ ಎಲ್ಲಿ ತಡವರಿಸಿತೋ ಆ ನಿಮಿಷ, ಸೆಕೆಂಡನ್ನು ಚೀಟಿಯಲ್ಲಿ ಬರೆದು ತರಬೇಕು. ಬೆಳಗ್ಗೆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಎಲ್ಲಿ ಹೆಚ್ಚು ಮಕ್ಕಳು ಸಿಕ್ಕಿಬಿದ್ದಿದ್ದಾರೋ ಆ ಜಾಗವನ್ನು ತರಗತಿಯಲ್ಲಿ ಮತ್ತೆ ಹಾಕಿ ಬಿಡಿಸಿ ಹೇಳುತ್ತಿದ್ದರು. ಒಳ್ಳೆಯ ಉಪಾಯವೇ, ಅದರಲ್ಲಿ ನಾನು ತಪ್ಪು ಹುಡುಕುವುದಿಲ್ಲ.

ಹಾರ್ಮಟ್ಟನ್ ಗಾಳಿಯ ಧೂಳು ಇನ್ನೂ ಇಳಿಯದ ಫೆಬ್ರವರಿಯ ಒಂದು ಶನಿವಾರ ಅವರು ಆಮ್ಲ, ಕ್ಷಾರ ಬೆರೆಸುವ ಪಾಠ ಮಾಡಿದರು. ಅದಕ್ಕೆ ಬೇಕಾದ ಉದ್ದನೆಯ ಗಾಜಿನ ಕೊಳವೆ ಅವರ ಶಾಲೆಯಲ್ಲಿ ಒಡೆದು ಎರಡು ವರ್ಷವಾಗಿತ್ತು. ಪಕ್ಕದ ಊರಿನ ಮಿಷನ್ ಶಾಲೆಯವರ ಕೈಕಾಲು ಹಿಡಿದು ಎರಡು ದಿನದ ಮಟ್ಟಿಗೆ ತಂದಿದ್ದರು. ಮೂರು ವಾರ ಬಿಟ್ಟು ರಾಜ್ಯ ಶಿಕ್ಷಣ ಇಲಾಖೆಯಿಂದ ತನಿಖಾಧಿಕಾರಿ ಬರುವುದಿತ್ತು, ಆಕೆಗೆ ತೋರಿಸಬೇಕಾದ ಪಾಠವೂ ಅದೇ. ಆವತ್ತು ಕರೆಂಟು ಇರಲಿಲ್ಲ. ಬೆಳಕು ಬೇಕೆಂದು ಮೇಷ್ಟ್ರು ಮೇಜನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದರು. ಫೋನಿನ ಬೆನ್ನು ಹಿತ್ತಿಲ ಕಡೆ. ಹಿತ್ತಿಲಲ್ಲಿ, ಕಿಟಕಿಯ ಕೆಳಗೇ, ಅತ್ತೆ ಸೊಸೆ ಕೂತು ಮಧ್ಯಾಹ್ನದ ಸಾರಿಗೆ ಎವೆಡು ಸೊಪ್ಪು ಬಿಡಿಸುತ್ತಿದ್ದರು. ಅರಿನೋಲಾ ಮನೆಯಲ್ಲಿರಲಿಲ್ಲ. ಕೂದಲು ಹೆಣೆಸಿಕೊಳ್ಳಲು ಹೋಗಿದ್ದಳು.

ಭಾನುವಾರ ಸಂಜೆ ವಿಡಿಯೊ ಮಕ್ಕಳಿಗೆಲ್ಲ ಹೋಯಿತು. ಮೇಷ್ಟ್ರು ಕಳಿಸುವ ಮೊದಲು ನೋಡಿದರು, ಆದರೆ ಶಬ್ದ ನಿಲ್ಲಿಸಿ ನೋಡಿದರು. ಬ್ಯಾಟರಿ ಉಳಿಯಲಿ ಎಂದೋ, ಬಣ್ಣ ಸರಿಯಾಗಿ ಬಂದಿದೆಯೇ ಎಂಬುದಷ್ಟೇ ಅವರ ಚಿಂತೆ ಎಂದೋ, ನನಗೆ ಗೊತ್ತಿಲ್ಲ. ಸೆಕಿನಾತ್ ನನ್ನ ಫೋನಿನಲ್ಲಿ ಪಾಠ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ಕೂತಳು. “ಅಪ್ಪ, ಇಲ್ಲಿ ಬಾ. ಇದು ಅರಿನೋಲಾ ಅಜ್ಜಿ ದನಿ ಅಲ್ವಾ?”

ನಾನು ಕೇಳಿದೆ. ಸುಳ್ಳು ಯಾಕೆ ಹೇಳಲಿ, ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳಿದೆ. ಅರಿನೋಲಾಳ ಅಪ್ಪ ಅಮ್ಮನಿಗೆ ಹೇಳೋಣವೇ ಎಂದು ಹೆಂಡತಿ ಕೇಳಿದಳು. ಬೇರೆಯವರ ಮನೆಯ ವಿಷಯ ನಮಗೇಕೆ ಎಂದುಬಿಟ್ಟೆ. ಆ ಒಂದು ಮಾತಿಗೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಸೋಮವಾರ ತರಗತಿಯಲ್ಲಿ ನಲವತ್ತೇಳು ಚೀಟಿ. ಅರಿನೋಲಾ ಒಬ್ಬಳು ವಿಡಿಯೊ ನೋಡಿರಲಿಲ್ಲ. ಮನೆಯಲ್ಲಿ ನಾಲ್ಕು ದಿನದಿಂದ ಅಪ್ಪ ಅದನ್ನೇ ಅಭ್ಯಾಸ ಮಾಡುತ್ತಿದ್ದದ್ದು ಕೇಳಿ ಕೇಳಿ ಅವಳಿಗೆ ಬಾಯಿಪಾಠ ಆಗಿತ್ತು, ಸುಮ್ಮನೆ ‘ಐದು ನಿಮಿಷ ಹತ್ತು ಸೆಕೆಂಡು’ ಎಂದು ಗೀಚಿ ಕೊಟ್ಟಿದ್ದಳು. ಮೇಷ್ಟ್ರು ಒಂದೊಂದೇ ಚೀಟಿ ಓದತೊಡಗಿದರು.

“ಹನ್ನೊಂದು ನಲವತ್ತು. ಹನ್ನೊಂದು ನಲವತ್ತೈದು. ಮತ್ತೆ ಹನ್ನೊಂದು ನಲವತ್ತು. ಅರೆ, ಏನಿದು?” ಮೂವತ್ತೊಂದು ಚೀಟಿ ಒಂದೇ ಜಾಗಕ್ಕೆ ಬಂದು ನಿಂತಿದ್ದವು. ಮೇಷ್ಟ್ರ ಮುಖ ಅರಳಿತು. “ನೋಡಿದ್ರಾ? ಬಣ್ಣ ತಿರುಗೋ ಜಾಗ! ಎಲ್ಲರಿಗೂ ಅಲ್ಲೇ ಕಷ್ಟ ಆಗಿದೆ. ನಾನು ತರಬೇತಿಯಲ್ಲಿ ಇದನ್ನೇ ಹೇಳಿದ್ದೆ.”

ಹಿಂದಿನ ಬೆಂಚಿನ ಕೊಲಾಪೊ ಎದ್ದು ನಿಂತ. “ಹೌದು ಸರ್, ಬಹಳ ಕಷ್ಟ ಇದೆ. ಸ್ವಲ್ಪ ಜೋರಾಗಿ ಹಾಕಿ ಸರ್.”

“ಬೇಡ ಸರ್ ಅನ್ಬೇಕಿತ್ತು ನಾನು” ಎಂದು ಸೆಕಿನಾತ್ ಆಮೇಲೆ ಅತ್ತಳು. ಬೆಳಗಿನ ಪ್ರಾರ್ಥನೆಗೆ ಬಳಸುವ ಸ್ಪೀಕರಿಗೆ ಮೇಷ್ಟ್ರು ಫೋನು ಜೋಡಿಸಿದರು. ಅವರದೇ ದನಿ ದೂರದಿಂದ ತೆಳ್ಳಗೆ ಬಂತು. “ಈಗ ನಿಧಾನವಾಗಿ, ಒಂದೊಂದೇ ಹನಿ.” ಅದರ ಮೇಲೆ, ಕಿವಿಯ ಪಕ್ಕದಲ್ಲೇ ಕೂತು ಪಿಸುಗುಟ್ಟಿದ ಹಾಗೆ, ಅವರ ತಾಯಿಯ ದನಿ.

“ಅರಿನೋಲಾ ಅಮ್ಮ, ಆ ಹುಡುಗಿಗೆ ಮತ್ತೆ ದಪ್ಪ ಪುಸ್ತಕ ತಂದ್ಯಂತೆ. ಯಾಕೆ ಹಂಗೆ ದುಡ್ಡು ಸುರೀತೀಯ? ಎಸ್‌ಎಸ್ ರಕ್ತದ ಹುಡುಗಿ. ಇಪ್ಪತ್ತೊಂದು ದಾಟಲ್ಲ ಅದು. ನಾನು ಮೂವರು ಮಕ್ಕಳನ್ನ ಮಣ್ಣು ಮಾಡಿದೋಳು. ಅದೇ ಮೊಣಕಾಲು ಊತ, ಅದೇ ಹಳದಿ ಕಣ್ಣು.”

“ನಂಗೊತ್ತಿಲ್ವಾ ಅತ್ತೆ? ನಾನೂ ವರ್ಷ ಎಣಿಸ್ಕೊಂಡೇ ಇದ್ದೀನಿ. ಮುಂದಿನ ಓದು ಅಂತ ಎತ್ತಿಟ್ಟಿರೋದೆಲ್ಲ ಚಿಕ್ಕೋನು ಡೋಟುನ್‌ಗೆ. ಇವಳ್ನ ಅಲ್ಲಿವರೆಗೂ ಅವರಪ್ಪ ಆಟ ಆಡಿಸ್ಲಿ. ಆ ಸೊಪ್ಪು ಈ ಕಡೆ ತಳ್ಳಿ.”

“ನೋಡಿ” ಎಂದಿತು ಮೇಷ್ಟ್ರ ದನಿ ದೂರದಿಂದ, “ಗುಲಾಬಿ ಬಣ್ಣ ಬಂತು. ಇದೇ ಕೊನೆಯ ಬಿಂದು.”

ಎಸ್‌ಎಸ್ ರಕ್ತ ಎಂದರೆ ನಮ್ಮ ಕಡೆ ಎಳೆಯ ಮಕ್ಕಳಿಗೂ ಗೊತ್ತು. ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ, ಮೈಯ ಗೆಣ್ಣು ಗೆಣ್ಣಿನಲ್ಲೂ ಸಿಕ್ಕಿಕೊಂಡು ಕೂಗಿಸುವ ಕಾಯಿಲೆ. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಅದರ ಬೀಜ ಇದ್ದರೆ ಮಗುವಿಗೆ ಬರುತ್ತದೆ. ಅರಿನೋಲಾ ಆಗಾಗ ವಾರಗಟ್ಟಲೆ ಶಾಲೆಗೆ ಬರದಿದ್ದಾಗ ಮಲೇರಿಯಾ ಎಂದು ಹೇಳಿಕೊಂಡಿದ್ದರು, ನಾವೂ ನಂಬಿದಂತೆ ಇದ್ದೆವು. ಅವಳಿಗೆ ತನ್ನ ಕಾಯಿಲೆ ಗೊತ್ತಿತ್ತು. ಮನೆಯವರು ಮನಸ್ಸಿನಲ್ಲೇ ತನ್ನನ್ನು ಈಗಲೇ ಮಣ್ಣಿಗೆ ಕಳಿಸಿಕೊಟ್ಟು ಕೂತಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಮೇಷ್ಟ್ರು ಏನು ಮಾಡಿದರು ಗೊತ್ತೇ? ಸ್ಪೀಕರಿನ ಶಬ್ದ ತಗ್ಗಿಸಿದರು. ಗಂಟಲು ಸರಿಮಾಡಿಕೊಂಡರು. ಸುಣ್ಣದ ಕಡ್ಡಿ ಎತ್ತಿಕೊಂಡು ಬಣ್ಣ ಯಾಕೆ ತಿರುಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯತೊಡಗಿದರು. ಮಗಳ ಕಡೆ ನೋಡಲಿಲ್ಲ. ಅರಿನೋಲಾ ಪೂರ್ತಿ ಅವಧಿ ಕೂತಿದ್ದಳು, ಬೋರ್ಡಿನ ಮೇಲಿದ್ದದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು.

ಆ ಮಧ್ಯಾಹ್ನ ಅವರ ಮನೆಯ ಜಗಳ ನನ್ನ ಮಗ್ಗದವರೆಗೆ ಕೇಳಿಸಿತು. ಮೇಷ್ಟ್ರು ಅಮಲಾ ಮುದ್ದೆಯ ತಟ್ಟೆಯನ್ನು ನೂಕಿ ಎದ್ದಿದ್ದರು.

“ನನ್ನ ಪಾಠ ಹಾಳು ಮಾಡಿದ್ರಲ್ಲ ನೀವಿಬ್ರೂ! ಬಾಯಿ ಮುಚ್ಕೊಂಡಿರಿ ಅಂತ ಹೇಳಿದ್ನೋ ಇಲ್ವೋ?”

“ನಿಮ್ಮ ಪಾಠವಾ?” ಬೊಸೆದೆಯ ದನಿ. “ಮಗಳ ಮಾನ ಹೋಯ್ತು, ಇವರಿಗೆ ಪಾಠದ ಚಿಂತೆ.”

“ಆ ಕೊಳವೆ ಇವತ್ತು ಬೆಳಗ್ಗೆನೇ ವಾಪಸ್ ಕೊಟ್ಟಾಯ್ತು. ಇನ್ನೊಂದು ಸಲ ಅವರು ಕೊಡಲ್ಲ. ತನಿಖೆಗೆ ಏನು ತೋರಿಸ್ಲಿ ನಾನು?”

ಮುದುಕಿ ಮಧ್ಯೆ ಬಾಯಿ ಹಾಕಿದಳು. “ನಾನು ಇಲ್ಲದ್ದೇನು ಹೇಳ್ದೆ? ಮದುವೆಗೆ ಮುಂಚೆ ಚರ್ಚಿನೋರು ಇಬ್ಬರ ರಕ್ತದ ಚೀಟಿ ಕೇಳಿದ್ದು ಯಾಕೆ ಮತ್ತೆ? ಇವಳು ಸುಳ್ಳು ಚೀಟಿ ತಂದು ನನ್ನ ಮನೆ ಹೊಕ್ಕಳು.”

“ನಾನಾ?” ಬೊಸೆದೆ ನಕ್ಕಳು. ಅಂಥ ನಗು ಯಾರಿಗೂ ಬೇಡ. “ಅತ್ತೆ, ಲ್ಯಾಬಿನವನ ಹತ್ರ ಹೋಗಿ ಎರಡೂ ಚೀಟಿ ತಿದ್ದಿಸಿದ್ದು ನಿಮ್ಮ ಮಗ. ದೇವರು ನೋಡ್ಕೋತಾನೆ ಬಾ ಅಂದಿದ್ದು ನಿಮ್ಮ ಮಗ. ಕೇಳಿ, ಇಲ್ಲೇ ನಿಂತಿದ್ದಾರೆ, ವಿಜ್ಞಾನದ ಮೇಷ್ಟ್ರು.”

ಆಗ ಬಾಗಿಲಲ್ಲಿ ಅರಿನೋಲಾ, ಚೀಲ ಇನ್ನೂ ಹೆಗಲಲ್ಲೇ ಇತ್ತು. “ಅಪ್ಪ, ಅದನ್ನ ಅಳಿಸಿ” ಎಂದಳು.

“ಅಳಿಸಿದ್ರೆ ಪಾಠನೂ ಹೋಗುತ್ತೆ ಕಣಮ್ಮ. ಆ ಜಾಗಕ್ಕೆ ಮೇಲೊಂದು ಹಾಡು ಹಾಕ್ತೀನಿ. ಒಂದು ನಿಮಿಷದ ವಿಷಯ.”

ಹಾಗೇ ಮಾಡಿದರು. ಹನ್ನೊಂದೂವರೆ ನಿಮಿಷದವರೆಗೆ ಆಮ್ಲ ಕ್ಷಾರ, ಅಲ್ಲಿಂದ ಒಂದು ನಿಮಿಷ ಚರ್ಚಿನ ವಾದ್ಯಮೇಳ, ಮತ್ತೆ ಆಮ್ಲ ಕ್ಷಾರ. ಹೊಸದು ಬಂದ ಮೇಲೆ ಹಳೆಯದಕ್ಕೆ ಇನ್ನೂ ಬೆಲೆ ಬಂತು. ಬೇರೆ ತರಗತಿಯ ಮಕ್ಕಳೂ ಹುಡುಕಿಕೊಂಡು ನೋಡಿದರು. ನೇಯ್ದ ಬಟ್ಟೆ ಕೊಳ್ಳಲು ಬಂದ ಹೆಂಗಸೊಬ್ಬಳು “ನಿಮ್ಮ ಪಕ್ಕದ ಮನೆ ಹುಡುಗಿನಂತಲ್ಲ” ಎಂದು ನನ್ನನ್ನೇ ಕೇಳಿದಳು.

ನಮ್ಮಲ್ಲಿ ಹೆಣ್ಣುಮಕ್ಕಳು ಬೆಳಗ್ಗೆ ಎದ್ದವರು ಮನೆಯ ಹಿರಿಯರ ಮುಂದೆ ಎರಡೂ ಮಂಡಿ ನೆಲಕ್ಕೆ ಊರಿ ನಮಸ್ಕಾರ ಹೇಳಬೇಕು. ಜ್ವರ ಇರಲಿ, ಜಗಳ ಇರಲಿ, ಅದೊಂದು ತಪ್ಪುವ ಹಾಗಿಲ್ಲ. ಮಂಗಳವಾರ ಬೆಳಗ್ಗೆ ಅಜ್ಜಿ ಹಿತ್ತಿಲಲ್ಲಿ ಕಷಾಯದ ಒಲೆ ಹೊತ್ತಿಸಿ ಕೂತಿದ್ದಳು. ಅರಿನೋಲಾ ಮುಂದೆಯೇ ಹಾದು ಹೋಗಿ ನೀರು ತುಂಬಿಕೊಂಡಳು.

“ಅಶಾಕೆ” ಎಂದಳು ಮುದುಕಿ. ಹುಟ್ಟಿದಾಗ ಅವಳೇ ಮೊಮ್ಮಗಳಿಗೆ ಇಟ್ಟ ಮುದ್ದಿನ ಹೆಸರು ಅದು. “ಬೆಳಗಾಯ್ತು ಅಂತ ಕಾಣ್ಸಲ್ವಾ?”

“ಕಾಣುತ್ತೆ.”

“ಮೊಣಕಾಲು ನೋಯ್ತಾ ಇದ್ಯಾ?”

“ಇಲ್ಲ. ಇವತ್ತು ಚೆನ್ನಾಗಿದೆ.”

“ಹಂಗಾದ್ರೆ ಬಗ್ಗೋಕೆ ಏನು ದಾಡಿ?”

“ಇರೋದು ಆರೇ ವರ್ಷ ಅಜ್ಜಿ. ಬಗ್ಗಿ ಎದ್ದು ಅದರಲ್ಲಿ ಅರ್ಧ ಕಳೆಯೋಕೆ ಆಗಲ್ಲ.”

ಮುದುಕಿ ಕೈಲಿದ್ದ ಸೌದೆ ಎಸೆದಳು. ಬೊಸೆದೆ ಓಡಿ ಬಂದು ಮಗಳ ಕೆನ್ನೆಗೆ ಬಾರಿಸಿದಳು. “ನಿನ್ನ ಬಾಯಿಗೆ ಹುಳ ಬೀಳ. ನನ್ನನ್ನ ಕೆಟ್ಟದಾಗಿ ಬೆಳೆಸಿದೋಳು ಅನ್ನಿಸ್ತೀಯಾ?” ಅರಿನೋಲಾ ಕೆನ್ನೆ ಹಿಡಿದುಕೊಳ್ಳಲಿಲ್ಲ, ಅಳಲೂ ಇಲ್ಲ. ಕೊಡ ಎತ್ತಿಕೊಂಡು ಒಳಗೆ ಹೋದಳು. ಆ ದಿನದಿಂದ ಅವಳು ಅಜ್ಜಿಗೆ ಮಂಡಿಯೂರಲಿಲ್ಲ, ಅಜ್ಜಿ ಅವಳ ತಟ್ಟೆಗೆ ಬಡಿಸಲಿಲ್ಲ. ಹಾಗೇ ದಿನ ಕಳೆದವು.

ತರಗತಿಯಲ್ಲಿ ಇನ್ನೊಂದು ತರಹ. ಗುಂಪು ಅಭ್ಯಾಸಕ್ಕೆ ಐದೈದು ಮಕ್ಕಳ ಗುಂಪು ಮಾಡಿದ್ದರಲ್ಲ, ಅರಿನೋಲಾಳ ಗುಂಪಿನವರು ಅವಳಿಗೆ ಯಾವ ಕೆಲಸವನ್ನೂ ಕೊಡದಾದರು. “ನೀನು ಕೂತಿರು, ಸುಸ್ತಾಗುತ್ತೆ.” ಮೊದಲು ಲೆಕ್ಕ ಬಿಡಿಸುತ್ತಿದ್ದವಳೇ ಅವಳು. ಕೊಲಾಪೊ ಗುಂಪಿನವರು ಹೊಸದೊಂದು ಲೆಕ್ಕ ಕಟ್ಟಿದ್ದರು: ಇಪ್ಪತ್ತೊಂದರಲ್ಲಿ ಹದಿನೈದು ಕಳೆದರೆ ಉಳಿಯುವ ವಸ್ತು ಎಷ್ಟು, ಕ್ರಿಯೆ ಮುಗಿಯಲು ಎಷ್ಟು ಹೊತ್ತು. ಅದನ್ನು ಶುದ್ಧವಾಗಿ, ಗೆರೆ ಎಳೆದು, ಉತ್ತರದ ಕೆಳಗೆ ಎರಡು ಗೀಟು ಹಾಕಿ ಅವಳ ಪುಸ್ತಕದೊಳಗೆ ಇಟ್ಟಿದ್ದರು. ಸೆಕಿನಾತ್ ಹರಿದು ಹಾಕಲು ಹೋದರೆ ಅರಿನೋಲಾ ಕಿತ್ತುಕೊಂಡು ನೋಡಿ, “ಉತ್ತರ ಸರಿ ಇದೆ, ಆದ್ರೆ ಕ್ರಮ ತಪ್ಪು” ಎಂದಳಂತೆ.

ಎರಡನೆಯ ವಾರದ ಕೊನೆಗೆ ಅವಳಿಗೆ ನೋವು ಬಂತು. ಬೆಳಗಿನ ತಣ್ಣನೆಯ ಒಣಗಾಳಿ ಆ ಕಾಯಿಲೆಗೆ ಆಗದು. ಬೊಸೆದೆ ಅಕರಾ ಬಾಣಲೆಯನ್ನು ಉರಿಯ ಮೇಲೇ ಬಿಟ್ಟು, ಮಗಳನ್ನು ಮೋಟಾರುಬೈಕಿನ ಮೇಲೆ ತನಗೂ ಸವಾರನಿಗೂ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು. ನಾನು ಹೋಗಿ ಬಾಣಲೆ ಇಳಿಸಿದೆ. ಮೂರು ದಿನ ಆಸ್ಪತ್ರೆ. ಎರಡನೆಯ ದಿನ ಮಕ್ಕಳಿಗೆ ಪಾಠ ಕಳಿಸುವ ಫೋನಿನ ಗುಂಪಿಗೆ ಯಾರೋ ಉರಿಯುವ ಮೇಣದಬತ್ತಿಯ ಚಿತ್ರ ಹಾಕಿದರು. ಕೆಳಗೆ ಇನ್ಯಾರೋ ‘ಇಷ್ಟು ಬೇಗನಾ?’ ಎಂದು ಬರೆದರು. ಆ ಗುಂಪಿನ ಯಜಮಾನಿಕೆ ಮೇಷ್ಟ್ರದೇ. ಬತ್ತಿಯ ಚಿತ್ರ ಇಡೀ ದಿನ ಉರಿಯುತ್ತಲೇ ಇತ್ತು. ಸಂಜೆ ಅವರು ಅದರ ಕೆಳಗೆ ಬರೆದದ್ದು ಇಷ್ಟು: ‘ಮುಂದಿನ ಪಾಠ ಎಲ್ಲರೂ ತಪ್ಪದೆ ನೋಡಿ, ಹನ್ನೆರಡು ಜನ ಇನ್ನೂ ನೋಡಿಲ್ಲ.’

ಓದಿ ನನಗೆ ಮೈ ಉರಿಯಿತು. ಹಿತ್ತಿಲಲ್ಲಿ ಸಿಕ್ಕಾಗ ಕೇಳಿಯೂಬಿಟ್ಟೆ. “ಸರ್, ಆ ಚಿತ್ರ ತೆಗೆಯೋಕೆ ಆಗ್ಲಿಲ್ವಾ?”

“ತೆಗೆದ್ರೆ ನಾನು ಮನಸ್ಸಿಗೆ ಹಚ್ಕೊಂಡಿದ್ದೀನಿ ಅಂತ ಗೊತ್ತಾಗುತ್ತೆ ಲಾಸಿಸಿ. ಮೇಷ್ಟ್ರಾದೋನು ತೋರಿಸ್ಕೋಬಾರದು.” ಕಣ್ಣು ಕೆಂಪಾಗಿತ್ತು. ಅಯ್ಯೋ ಅನ್ನಿಸಿತು. ಆದರೂ ಅವರನ್ನು ಕ್ಷಮಿಸುವ ಮನಸ್ಸು ನನಗೆ ಬರಲಿಲ್ಲ.

ಅರಿನೋಲಾ ಮನೆಗೆ ಬಂದ ಮೇಲೆ ಅಮ್ಮನ ಜೊತೆ ಕೂತು ಮರುದಿನದ ಅಕರಾಕ್ಕೆ ನೆನೆಹಾಕಿದ ಕಾಳಿನ ಸಿಪ್ಪೆ ಸುಲಿಯುತ್ತಿದ್ದಳು. ಇಬ್ಬರ ಕೈಯೂ ನೀರಿನಲ್ಲಿತ್ತು. ನಾನು ಆ ಕಡೆ ನೂಲು ಒಣಹಾಕುತ್ತಿದ್ದೆ, ಅವರು ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

“ಅಮ್ಮ, ಅದನ್ನ ನೀನು ಅಂದ್ಕೊಂಡೇ ಹೇಳಿದ್ಯಾ?”

“ಯಾವುದನ್ನ?”

“ಗೊತ್ತಿದ್ದೂ ಕೇಳ್ಬೇಡ.”

“ಆ ಮುದುಕಿ ಬಾಯಿ ಮುಚ್ಚಲಿ ಅಂತ ಹೇಳ್ದೆ.”

“ಇಲ್ಲ, ನನ್ನ ಮಗಳು ಬದುಕ್ತಾಳೆ ಅಂದಿದ್ರೂ ಮುಚ್ತಿದ್ರಲ್ಲ.”

ಬೊಸೆದೆ ಇನ್ನೊಂದು ಹಿಡಿ ಕಾಳನ್ನು ನೀರಿನಲ್ಲಿ ಉಜ್ಜಿದಳು. “ಹದಿನೈದು ವರ್ಷದಿಂದ ಅದನ್ನೇ ಹೇಳ್ಕೊಂಡು ಬಂದಿದ್ದೀನಿ ಕಣೆ. ಡಾಕ್ಟರ ಹತ್ರ ಹೇಳ್ದೆ, ಪಾದ್ರಿ ಹತ್ರ ಹೇಳ್ದೆ, ನಿನ್ನ ಕಾಲು ಒತ್ತುತ್ತಾ ನನಗೆ ನಾನೇ ಹೇಳ್ಕೊಂಡೆ. ಆವತ್ತು ಒಂದು ದಿನ ಸಾಕಾಗಿತ್ತು.”

“ಸರಿ. ಈಗ ಹೇಳು.”

“ಏನು?”

“ಬದುಕ್ತೀಯ ಅಂತ ಹೇಳು. ಒಂದು ಸಲ.”

ಬೊಸೆದೆ ಬಟ್ಟಲಿನಲ್ಲಿ ತೇಲುತ್ತಿದ್ದ ಸಿಪ್ಪೆಯನ್ನು ಬಾಚಿ ಹೊರಗೆ ಚೆಲ್ಲಿದಳು. “ಕಾಳು ಸುಲಿ. ಹೊತ್ತಾಯ್ತು.”

ಅದೇ ಸಂಜೆ ಊಟದ ಹೊತ್ತಿಗೆ ಅವಳು ಅಪ್ಪನನ್ನೂ ಅದನ್ನೇ ಕೇಳಿದಳು. ಮೇಷ್ಟ್ರಿಗೆ ಇಂಥ ಪ್ರಶ್ನೆ ಎಂದರೆ ಪಾಠ ಶುರು. “ಈಗೆಲ್ಲ ಕಾಲ ಬದಲಾಗಿದೆ. ಒಳ್ಳೊಳ್ಳೆ ಔಷಧಿ ಬಂದಿದೆ. ಎಷ್ಟೋ ಜನ ನಲವತ್ತು, ಐವತ್ತು ದಾಟಿ ಹೋಗ್ತಿದ್ದಾರೆ. ಅಜ್ಜಿ ಕಾಲದ ಮಾತು ಬೇರೆ.”

“ಎಷ್ಟೋ ಜನದ ವಿಷಯ ಕೇಳ್ಲಿಲ್ಲ ಅಪ್ಪ. ನಾನು?”

ಮೇಷ್ಟ್ರು ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿದರು. ನುಂಗಿದರು. “ನೋಡೋಣ” ಎಂದರು.

ಇದನ್ನು ನನಗೆ ಹೇಳಿದ್ದು ಮುದುಕಿಯೇ, ಮರುದಿನ, ಕಷಾಯದ ಸೀಸೆ ತೊಳೆಯುತ್ತಾ. “ಅದು ಪಟ್ಟಂತ ಎದ್ದು ಕೈ ತೊಳ್ಕೊಂಡುಬಿಡ್ತು ಲಾಸಿಸಿ. ನನಗೂ ಅನ್ನ ಇಳೀಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ, ಆದ್ರೆ ಕೇಳಿಸ್ಬಾರದಿತ್ತು.” ಆಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ, “ನನ್ನ ಮೂವರಿಗೆ ನಾನು ಬದುಕ್ತೀರಿ ಅಂತಾನೇ ಹೇಳ್ತಿದ್ದೆ. ಒಬ್ಬೊಬ್ಬರಿಗೂ. ಏನು ಬಂತು?” ಎಂದಳು.

ತನಿಖೆಯ ದಿನ ಬಂತು. ತರಗತಿಗೆ ಸುಣ್ಣ ಬಳಿಸಿದ್ದರು. ಅಧಿಕಾರಿ ದಪ್ಪ ಕನ್ನಡಕದ, ನಗುಮುಖದ ಹೆಂಗಸು, ಊರಿನ ಸುದ್ದಿ ಒಂದೂ ತಿಳಿಯದವಳು. ಹಿಂದೆ ಕೂತು ಎಲ್ಲವನ್ನೂ ಗಮನಿಸಿದಳು. ಮಕ್ಕಳು ಚೀಟಿ ಕೊಟ್ಟರು, ಗುಂಪಾಗಿ ಕೂತರು, ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದರು. ವಿಡಿಯೊದ ವಾದ್ಯಮೇಳ ಬಂದಾಗ ನಾಲ್ಕೈದು ಕಡೆ ಕೆಮ್ಮು ಕೇಳಿಸಿತು. “ಮಧ್ಯೆ ಹಾಡು ಹಾಕಿದ್ದು ಚೆನ್ನಾಗಿದೆ, ಮಕ್ಕಳಿಗೆ ಬೇಜಾರಾಗಲ್ಲ” ಎಂದು ಆಕೆ ಹೊಗಳಿದಳು. ಮೇಷ್ಟ್ರು ತಲೆ ಬಾಗಿಸಿದರು.

ಆಮೇಲೆ ಆಮ್ಲ ಕ್ಷಾರದ ವಿಷಯವನ್ನು ಯಾರಾದರೂ ತಮ್ಮ ಮಾತಿನಲ್ಲಿ ಹೇಳಿ ಎಂದಳು. ಯಾರೂ ಏಳಲಿಲ್ಲ. ಅರಿನೋಲಾ ಎದ್ದಳು. ಕೊಳವೆ ಹೇಗೆ ತೊಳೆಯಬೇಕು ಎಂಬಲ್ಲಿಂದ ಹಿಡಿದು ಕೊನೆಯ ಹನಿಯವರೆಗೆ, ಒಂದು ತಪ್ಪಿಲ್ಲದೆ, ಯಾರ ಮುಖವನ್ನೂ ನೋಡದೆ ಹೇಳಿದಳು. ಅಷ್ಟು ಚೆನ್ನಾಗಿ ಮೇ‌ಷ್ಟ್ರೂ ಹೇಳಿರಲಿಲ್ಲ ಎಂದು ಸೆಕಿನಾತ್ ಹೇಳುತ್ತಾಳೆ. ಅಧಿಕಾರಿ ಎದ್ದು ಮುಂದೆ ಬಂದಳು.

“ಶಭಾಷ್! ಏನಮ್ಮ ನಿನ್ನ ಹೆಸರು?”

“ಅರಿನೋಲಾ, ಮೇಡಂ.”

“ಇಂಥ ಮಕ್ಕಳಿಗೇ ನಾನು ಈ ಪ್ರಶ್ನೆ ಕೇಳೋದು. ಇನ್ನು ಹತ್ತು ವರ್ಷಕ್ಕೆ ನೀನು ಏನಾಗಿರ್ತೀಯ?”

ನಲವತ್ತಾರು ಮುಖ ಅವಳ ಕಡೆ ತಿರುಗಿ, ಅಲ್ಲಿಂದ ಮೇಷ್ಟ್ರ ಕಡೆ ತಿರುಗಿದವು. ಅರಿನೋಲಾ ಕೂಡ ನೋಡಿದ್ದು ಅಪ್ಪನನ್ನೇ. ಹೇಳಬೇಕಾದದ್ದು ಎರಡೇ ಮಾತು. ‘ಹೇಳಮ್ಮ, ಅರಿನೋಲಾ’ ಎಂದಿದ್ದರೂ ಸಾಕಿತ್ತು.

“ಹೊತ್ತಾಗ್ತಿದೆ ಮೇಡಂ” ಎಂದರು ಮೇಷ್ಟ್ರು. “ಮುಂದಿನವರನ್ನ ಕೇಳೋಣ.”

“ಇರಿ ಸರ್, ಹುಡುಗಿ ಹೇಳ್ಲಿ.”

“ಇಪ್ಪತ್ತೈದು” ಎಂದಳು ಅರಿನೋಲಾ. “ಹತ್ತು ವರ್ಷಕ್ಕೆ ನನಗೆ ಇಪ್ಪತ್ತೈದು ಆಗಿರುತ್ತೆ, ಮೇಡಂ.”

ಅಧಿಕಾರಿ ನಕ್ಕಳು. “ಅದು ವಯಸ್ಸಾಯ್ತಲ್ಲಮ್ಮ. ನಾನು ಕೇಳಿದ್ದು ಕೆಲಸ.”

“ಅದೇ ಕೆಲಸ, ಮೇಡಂ.”

ಆಕೆಗೆ ಅರ್ಥವಾಗಲಿಲ್ಲ. ತಮಾಷೆಯ ಹುಡುಗಿ ಎಂದುಕೊಂಡು ಅವಳ ಭುಜ ತಟ್ಟಿ, ಕಡತದಲ್ಲಿ ಏನೋ ಬರೆದುಕೊಂಡು, ಹಿಂದಿನ ಬೆಂಚಿಗೆ ಹೋದಳು. ಅಲ್ಲಿ ಕೊಲಾಪೊ ಆಗಲೇ ಎದ್ದು ನಿಂತಿದ್ದ. “ಪೈಲಟ್, ಮೇಡಂ!” ಎಂದ. ಅರಿನೋಲಾ ಇನ್ನೂ ನಿಂತೇ ಇದ್ದಳು, ಕೂತ್ಕೋ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಇಡೀ ತರಗತಿ ಪೈಲಟನಿಗೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೇಷ್ಟ್ರು.